ಒಂದು ರೂಪಾಯಿ ಎಲ್ಲಿ ಹೋಯಿತು?

ಕುಂಬಳೆಯಲ್ಲಿ ಉಪ್ಪನದ್ದೊಂದು ಸಣ್ಣ ಜೀನಸು ಅಂಗಡಿ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಸಿ ಭಾಷೆ ಆಮೇಲೆ ರಾತ್ರಿ ಕೂತು ಕಲಿತದ್ದು. ಕಳೆದ ವರ್ಷ ಅಂಗಡಿಯ ಕಡದ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದೆ. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್. ಒಂದೇ ಕೋಡನ್ನು ಸಿಮೇಕ್ ಬಳಸಿ ಎರಡು ಕಡೆಯೂ ಬಿಲ್ಡ್ ಮಾಡಿದ್ದೆ.

ಉಪ್ಪ ಮಾತ್ರ ಕೈಬರಹದ ಪುಸ್ತಕ ಬಿಟ್ಟಿರಲಿಲ್ಲ. ಒಂದು ಸಂಜೆ ಕರೆದರು: “ಮೋನೆ, ಪಕ್ಕದ ಮನೆಯ ಅಜ್ಜಿ ವಾಪಸು ಕೊಟ್ಟ ಅಕ್ಕಿಗೆ 14 ರೂಪಾಯಿ 70 ಪೈಸೆ. ನಾನು 15 ಬರೆದಿದ್ದೇನೆ, ನಿನ್ನ ಕಂಪ್ಯೂಟರ್ 14 ಕಳೆದಿದೆ. ಅವರ ಒಂದು ರೂಪಾಯಿ ಎಲ್ಲಿ?”

ಲ್ಯಾಪ್‌ಟಾಪಿನಲ್ಲಿ ನೋಡಿದರೆ ಸರಿಯಾಗಿ 15 ಬಂತು. ನನಗೆ ತಲೆ ಬಿಸಿಯಾಯಿತು.

ಪೈಸೆಯನ್ನು ರೂಪಾಯಿಗೆ ಸರಿಹೊಂದಿಸಲು ನಾನು ಬಳಸಿದ್ದು ‘ರೌಂಡ್’ ಎಂಬ ಫಂಕ್ಷನ್. ಅದು ಸಿ ಭಾಷೆಗೆ 1999ರ ಸ್ಟ್ಯಾಂಡರ್ಡಿನಲ್ಲಿ ಬಂದದ್ದು. ಮೈಕ್ರೋಸಾಫ್ಟ್‌ನ ವಿಷುವಲ್ ಸ್ಟುಡಿಯೋದಲ್ಲಿ 2013ರ ಆವೃತ್ತಿಯವರೆಗೆ ಇರಲಿಲ್ಲ. ಹಾಗಾಗಿ ‘ರೌಂಡ್ ಇದೆಯೇ ನೋಡು, ಇಲ್ಲದಿದ್ದರೆ ನಾನು ಬರೆದದ್ದನ್ನು ಬಳಸು’ ಎಂದು ಬಿಲ್ಡ್ ಫೈಲಿನಲ್ಲಿ ಹಾಕಿದ್ದೆ. ಸಿಮೇಕ್ ಇದನ್ನು ನೋಡುವುದು ಒಂದು ಪುಟ್ಟ ಪ್ರೋಗ್ರಾಂ ಬರೆದು, ಕಂಪೈಲ್ ಮಾಡಿ, ಲಿಂಕ್ ಆಗುತ್ತದೆಯೇ ಎಂದು. ಲಿನಕ್ಸಿನಲ್ಲಿ ಗಣಿತದ ಫಂಕ್ಷನ್‌ಗಳಿರುವುದು ‘ಲಿಬ್‌ಎಂ’ ಎಂಬ ಬೇರೆ ಲೈಬ್ರರಿಯಲ್ಲಿ. ಪರೀಕ್ಷೆಯ ಹೊತ್ತಿಗೆ ಅದನ್ನೂ ಸೇರಿಸು ಎಂದು ನಾನು ಹೇಳಿರಲಿಲ್ಲ. ಲಿಂಕ್ ಆಗಲಿಲ್ಲ, ಸಿಮೇಕ್ ‘ಇಲ್ಲ’ ಎಂದಿತು. ರೌಂಡ್ ಅಲ್ಲೇ ಇತ್ತು, ಹುಡುಕಿದ ಕಪಾಟು ಬೇರೆಯಾಗಿತ್ತು.

ಬದಲಿಗೆ ನಾನು ಬರೆದದ್ದು ಅರ್ಧ ಕೂಡಿಸಿ ದಶಾಂಶ ಬಿಟ್ಟುಬಿಡುವ ಲೆಕ್ಕ. ಮಾರಾಟಕ್ಕೆ ಅದು ಸರಿ. ವಾಪಸು ಬಂದ ಸಾಮಾನು ಮೈನಸ್: ಮೈನಸ್ 14.70ಕ್ಕೆ ಅರ್ಧ ಕೂಡಿಸಿದರೆ ಮೈನಸ್ 14.20, ದಶಾಂಶ ಬಿಟ್ಟರೆ ಮೈನಸ್ 14. ಸೊನ್ನೆಗಿಂತ ಕೆಳಗಿದ್ದರೆ ಅರ್ಧ ಕಳೆಯಬೇಕಿತ್ತು.

ಲಿನಕ್ಸಿನಲ್ಲಿ ಪರೀಕ್ಷಿಸುವಾಗ ಲಿಬ್‌ಎಂ ಸೇರುವಂತೆ ಮಾಡಿದೆ, ಪ್ರೋಗ್ರಾಮಿಗೂ ಅದನ್ನು ಲಿಂಕ್ ಮಾಡಿದೆ. ಮತ್ತೆ 14! ಸಿಮೇಕ್ ಹಳೆಯ ಉತ್ತರವನ್ನು ತನ್ನ ಕ್ಯಾಶ್ ಫೈಲಿನಲ್ಲಿ ಬರೆದಿಟ್ಟುಕೊಂಡಿತ್ತು. ಅದನ್ನು ಅಳಿಸಿ ಬಿಲ್ಡ್ ಮಾಡಿದಾಗ 15 ಬಂತು. ನನ್ನ ಬದಲಿ ಲೆಕ್ಕವನ್ನೂ ತಿದ್ದಿದೆ.

ಪಾಲಿಟೆಕ್ನಿಕ್ಕಿನಲ್ಲಿ ವರ್ನಿಯರ್ ಕೈಗೆ ಕೊಡುವಾಗ ಮೊದಲು ಹೇಳಿದ್ದೇ ಇದು: ಅಳೆಯುವ ಮುಂಚೆ ಸೊನ್ನೆ ಸರಿಯಿದೆಯಾ ನೋಡು. ಕಬ್ಬಿಣಕ್ಕೆ ಪಾಲಿಸಿದ್ದನ್ನು ಕೋಡಿಗೆ ಮರೆತಿದ್ದೆ. ಈಗ ‘ಇಲ್ಲ’ ಎಂಬ ಉತ್ತರ ಬಂದರೆ ಸಿಮೇಕ್‌ನ ಲಾಗ್ ತೆರೆದು, ಯಾಕೆ ಇಲ್ಲ ಎಂದು ಓದುತ್ತೇನೆ.

“ಹಾಗಾದರೆ ಬೇರೆಯವರದ್ದೂ ಹೋಗಿರಬೇಕಲ್ಲ?” ಎಂದರು ಉಪ್ಪ. ಆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಕೂತು ವಾಪಸಾತಿಯ ಎಲ್ಲ ಸಾಲುಗಳನ್ನು ಪುಸ್ತಕದ ಜೊತೆ ಹೋಲಿಸಿದೆವು. ಒಂಬತ್ತು ಮನೆಗಳಿಗೆ ಒಟ್ಟು 23 ರೂಪಾಯಿ ಕೊಡಲಿಕ್ಕಿತ್ತು. ಮರುದಿನ ಉಪ್ಪ ನನ್ನನ್ನೇ ಕಳಿಸಿದರು. ಅಜ್ಜಿ ನಾಣ್ಯ ತೆಗೆದುಕೊಂಡು, ಚಾ ಕುಡಿದು ಹೋಗು ಎಂದರು.

ಕೈಬರಹದ ಪುಸ್ತಕ ಈಗಲೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. ನಿಲ್ಲಿಸಿ ಎಂದು ಉಪ್ಪನಿಗೆ ಹೇಳುವುದನ್ನು ನಾನು ಬಿಟ್ಟಿದ್ದೇನೆ.