ಕೊರಳಿನ ಸಂಧಿ

ಶಿರಸ್ಸಿಗೆ ಸಲ್ಲುವ ಗೌರವವು ಅದನ್ನು ಹೊತ್ತ ಕೊರಳಿಗೆ ಸಲ್ಲುವುದಿಲ್ಲ. ವ್ಯಥೆ ಬಂದಾಗಲೇ ಅದರ ಸ್ಮರಣೆ. ಹೋದ ವರ್ಷ ನನ್ನ ಬಲತೋಳಿನಲ್ಲಿ ಉರಿಯೂ ಹೆಬ್ಬೆರಳಿನಲ್ಲಿ ಜೋಮೂ ತೋರಿ, ಲೇಖನಿಯು ಕೈಯಿಂದ ಜಾರತೊಡಗಿತು. ರೋಗದ ಮೂಲವು ಕೊರಳಿನ ಐದನೆಯ ಮತ್ತು ಆರನೆಯ ಕಶೇರುಗಳ ನಡುವೆ ಇದೆಯೆಂದು ವೈದ್ಯರು ನಿಶ್ಚಯಿಸಿದರು.

ಕೊರಳಿನಲ್ಲಿರುವ ಕಶೇರುಗಳು 7. ಮೇಲಿನ ಎರಡರ ನಡುವೆ ಹೊರತು ಉಳಿದೆಡೆಗಳಲ್ಲಿ ಡಿಸ್ಕ್ ಎಂಬ ಮೆತ್ತನೆಯ ಬಿಲ್ಲೆಗಳುಂಟು. ಬಿಲ್ಲೆ ಹೊರಚಾಚಿ ನರವನ್ನು ಒತ್ತಿದರೂ ಬಹುಮಂದಿಗೆ ಔಷಧ, ವ್ಯಾಯಾಮ, ಕಾಲಗಳಿಂದಲೇ ಗುಣವಾಗುವುದು. ನನಗೆ ಆಗಲಿಲ್ಲ.

ಬಿಲ್ಲೆಯನ್ನು ಕಂಠದ ಮುಂಭಾಗದಿಂದ ತೆಗೆದು, ಆ ಎಡೆಯಲ್ಲಿ ಮೂಳೆಯನ್ನಿಟ್ಟು ಕಶೇರುಗಳೆರಡನ್ನೂ ಬೆಸೆಯುವ ಕ್ರಮವನ್ನು ಅಮೆರಿಕದ ಸ್ಮಿತ್ ಮತ್ತು ರಾಬಿನ್ಸನ್ ಎಂಬ ವೈದ್ಯರು 1950ರ ದಶಕದಲ್ಲಿ ಪ್ರಕಟಿಸಿದರು. ಬೆಸೆದಲ್ಲಿ ಚಲನೆಯಿಲ್ಲ, ನೆರೆಯ ಸಂಧಿಗಳಿಗೆ ಹೊರೆ ಹೆಚ್ಚು. ಚಲನೆಯನ್ನುಳಿಸುವ ಹಂಬಲದಿಂದ ಹುಟ್ಟಿತು ಕೃತಕ ಡಿಸ್ಕು. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ 1990ರ ದಶಕದಲ್ಲಿ ಪ್ರಯೋಗಿಸಿದ ಲೋಹದ ಕೀಲೊಂದರ ಪರಿಷ್ಕೃತ ರೂಪಕ್ಕೆ ಅಮೆರಿಕದ ಔಷಧಾಡಳಿತವು 2007ರಲ್ಲಿ ಅನುಮತಿಯಿತ್ತಿತು.

ನನ್ನ ಮನಸ್ಸು ಇದರತ್ತಲೇ ವಾಲಿತು. ವ್ಯಾಕರಣದಲ್ಲಿ ಸಂಧಿಯೆಂದರೆ ಎರಡು ವರ್ಣಗಳು ಕೂಡುವುದು; ದೇಹದಲ್ಲಾದರೋ ಎರಡು ಅಸ್ಥಿಗಳು ಬೇರೆಯಾಗಿಯೇ ಉಳಿದು ಜೊತೆಯಲ್ಲಿ ಚಲಿಸುವುದು. ಪಾಠಶಾಲೆಯಲ್ಲಿ ಗುರುಗಳು ನಮ್ಮ ತಲೆಯನ್ನು ಹಿಡಿದು, ಅನುದಾತ್ತಕ್ಕೆ ಬಾಗಿಸಿ, ಸ್ವರಿತಕ್ಕೆ ಎತ್ತಿ ವೇದಪಾಠ ಹೇಳುತ್ತಿದ್ದರು. ತಲೆಯಾಡದೆ ಮಂತ್ರವೆಂತು ಎಂಬುದೇ ನನ್ನ ಭಯ.

ಶಸ್ತ್ರವೈದ್ಯರು ಒಪ್ಪಲಿಲ್ಲ. ಕೃತಕ ಡಿಸ್ಕು ಒಂಟಿಯಾಗಿ ದುಡಿಯಲಾರದು. ಕಶೇರುಗಳ ಹಿಂಬದಿಯ ಸಣ್ಣ ಕೀಲುಗಳು ಸ್ವಸ್ಥವಾಗಿರಬೇಕು. ನನ್ನವು ಸವೆದಿದ್ದವು, ಅಲ್ಲಿ ಚಲನೆಯನ್ನು ಉಳಿಸುವುದೆಂದರೆ ನೋವನ್ನೂ ಉಳಿಸಿದಂತೆಯೇ. ನನ್ನ ಭಯಕ್ಕೂ ಅವರಲ್ಲಿ ಉತ್ತರವಿತ್ತು: ಹೌದೆಂದು ತಲೆದೂಗುವ ಚಲನೆ ತಲೆಬುರುಡೆಯು ಮೊದಲ ಕಶೇರುವಿನ ಮೇಲೆ ಕುಳಿತೆಡೆಯಲ್ಲಿದೆ, ಪಕ್ಕಕ್ಕೆ ತಿರುಗುವುದರಲ್ಲಿ ಸುಮಾರು ಅರ್ಧವು ಮೊದಲೆರಡು ಕಶೇರುಗಳ ನಡುವೆ. ಕೆಳಗಿನದೊಂದನ್ನು ಬೆಸೆದರೆ ಇವು ನಿಲ್ಲವು.

ಹಳೆಯ ಕ್ರಮವೇ ನಡೆಯಿತು. ಮೂರು ವಾರ ನುಂಗಲು ತೊಡಕಾಗಿ, ಧ್ವನಿಯೂ ಒಡೆದಿತ್ತು, ಅನಂತರ ಸರಿಹೋಯಿತು. ಜೋಮು ಕೊಂಚ ಉಳಿದಿದೆ. ಹೊಸ ಸಾಧನದ ಕೀರ್ತಿಯನ್ನು ಕೇಳಿ ಹಾತೊರೆಯುವ ವಾಚಕರು, ತಮ್ಮ ಹಳೆಯ ಕೀಲುಗಳು ಅದಕ್ಕೆ ಜೊತೆಗೊಡುವುವೋ ಎಂದು ಮೊದಲು ವಿಚಾರಿಸಲಿ. ಮೇಲೆ ನೋಡುವಾಗ ನನ್ನ ಕೊರಳು ತುಸು ಬಿಗಿಯುತ್ತದೆ, ಬಾಗುವುದಕ್ಕೆ ಅಡ್ಡಿಯಿಲ್ಲ.