ಡಿ ಡ್ರೈವಿನೊಳಗಿನ ಮುತ್ಯಾನ ಪದಗಳು

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರ ರೂಪಾಯಿಗೆ. ನಾಲತವಾಡದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ದೂರದ ಸಂಬಂಧದ ಕಾಕಾ ಒಬ್ಬರು, ಲಗ್ನಪತ್ರಿಕೆಗಳೆಲ್ಲ ವಾಟ್ಸಾಪಿಗೆ ಹೋದ ಮೇಲೆ ಅಂಗಡಿ ಮುಚ್ಚಿದರು. ಸಿಪಿಯು, ಕೀಬೋರ್ಡ್, ಹಿಂದೆ ಗೂನು ಇರುವ ಹಳೆ ಮಾನಿಟರ್, ಇಷ್ಟನ್ನೂ ಅಪ್ಪನಿಗೆ ದಾಟಿಸಿದರು. "ಹುಡುಗ ಬಿಎಸ್ಸಿ ಓದ್ಲಾಕತ್ತಾನ, ಅವಂಗ ಉಪಯೋಗ ಬರ್ತೈತಿ" ಅಂದರಂತೆ.

ನಾನು ಓದುತ್ತಿದ್ದದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಕಂಪ್ಯೂಟರ್ ಬಗ್ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಟ್ಟಾಗ ಬಿಚ್ಚಿ ನೋಡಿದ್ದೇ ಪಾಠ. ಒಂದು ದಿನ ಚಾಲೂ ಮಾಡಿದರೆ ಬರೀ ಬೀಪ್ ಬೀಪ್, ಪರದೆ ಕಪ್ಪು. ರ್‍ಯಾಮ್ ಪಟ್ಟಿ ಬಿಚ್ಚಿ, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ಒರೆಸುವ ರಬ್ಬರಿನಿಂದ ತಿಕ್ಕಿ ಹಾಕಿದೆ, ಎದ್ದು ಕೂತಿತು. ಇನ್ನೊಮ್ಮೆ ಯಾವ ವೆಬ್‌ಸೈಟೂ ತೆರೆಯಲೊಲ್ಲದು. ನೆಟ್ ಇದೆ, ಸೈಟ್ ಇಲ್ಲ. ನೋಡಿದರೆ ಕಂಪ್ಯೂಟರಿನ ತಾರೀಖು ಹತ್ತು-ಹದಿನೈದು ವರ್ಷ ಹಿಂದಕ್ಕೆ ಹೋಗಿ ನಿಂತಿದೆ. ಒಳಗಿನ ಗುಂಡಿ ಸೆಲ್ ಸತ್ತಿತ್ತು. ತಾರೀಖು ತಪ್ಪಿದ್ದರೆ ಸೈಟುಗಳ ಭದ್ರತಾ ಪತ್ರವನ್ನು ಕಂಪ್ಯೂಟರ್ ನಂಬುವುದಿಲ್ಲ. ಕೈಗಡಿಯಾರ ರಿಪೇರಿ ಮಾಡುವವರ ಹತ್ತಿರ ಸೆಲ್ ಸಿಕ್ಕಿತು, ಮುಗಿಯಿತು. ಇಂಥವುಗಳಲ್ಲಿ ನನ್ನ ಸಂಜೆಗಳು ಹೋಗುತ್ತಿದ್ದವು. ಕರೆಂಟ್ ಇದ್ದ ಸಂಜೆಗಳು, ಅನ್ನಿ.

ಹಳೆ ವಿಂಡೋಸ್ ಎಕ್ಸ್‌ಪಿ ತೆಗೆದು ಲಿನಕ್ಸ್ ಹಾಕೋಣ ಅಂತ ಪೆನ್‌ಡ್ರೈವ್ ತಯಾರು ಮಾಡಿಕೊಂಡೆ. 'ಡಿಸ್ಕ್ ಪೂರ್ತಿ ಅಳಿಸಿ ಹಾಕು' ಎಂಬುದನ್ನು ಆರಿಸಿದ್ದೆ, ಒತ್ತುವುದೊಂದೇ ಬಾಕಿ. ಮುತ್ಯಾ ಹೊರಸಿನ ಮೇಲೆ ಕೂತು ನೋಡುತ್ತಿದ್ದವರು ಕೇಳಿದರು: "ತಮ್ಮಾ, ಇದು ಆ ಅಂಗಡ್ಯಾಂದ ಹೌದಿಲ್ಲೊ? ಇದರಾಗ ನನ್ನ ಪದ ಅದಾವಲ್ಲ."

ನನಗೆ ಆ ಕಥೆ ಪೂರ್ತಿ ಗೊತ್ತಿರಲಿಲ್ಲ. ಮುತ್ಯಾ ಭಜನಾ ಮೇಳದಲ್ಲಿ ಮುಂದಾಗಿ ಹಾಡುವವರು. ಹಿರಿಯರಿಂದ ಕಲಿತ ಪದ, ತಾವೇ ಕಟ್ಟಿದ ಪದ, ಎಲ್ಲ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಪುಸ್ತಕ ಮಾಡಿಸಬೇಕೆಂದು ಆ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಟೈಪಿಗೆ ರೊಕ್ಕ ಹೊಂದಿತು, ಛಾಪಿಸಲು ಹೊಂದಲಿಲ್ಲ. ಆಮೇಲೆ 2009ರ ಆ ದೊಡ್ಡ ಮಳೆ ಬಂತು. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳು ಸೋರಿದ್ದು, ಬಿದ್ದದ್ದು ನಿಮಗೂ ನೆನಪಿರುತ್ತದೆ. ನಮ್ಮ ಮನೆ ಬೀಳಲಿಲ್ಲ. ಆದರೆ ಟ್ರಂಕಿನೊಳಗೆ ನೀರು ಇಳಿದು ನೋಟ್‌ಬುಕ್ ಮುದ್ದೆಯಾಯಿತು.

ಪೆನ್‌ಡ್ರೈವ್ ಕಿತ್ತು, ಎಕ್ಸ್‌ಪಿಗೇ ಮರಳಿ ಹೋಗಿ ಡಿ ಡ್ರೈವ್ ತೆರೆದೆ. ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ತೊಟ್ಟಿಲ ಕಾರ್ಯಕ್ರಮ, ಶ್ರದ್ಧಾಂಜಲಿ. ಊರಿನ ಇಷ್ಟು ವರ್ಷದ ಒಳ್ಳೆಯದು ಕೆಟ್ಟದ್ದು ಎಲ್ಲ ಅಲ್ಲಿತ್ತು. ಒಂದು ಫೋಲ್ಡರಿನಲ್ಲಿ ಮುತ್ಯಾನ ಪದಗಳು, ಒಟ್ಟು 43. ಕೆಲವು ವರ್ಡ್ ಫೈಲು, ಕೆಲವು ಪೇಜ್‌ಮೇಕರ್, ಮೂರು ಪದ ಮಾತ್ರ ಸಾದಾ ಟೆಕ್ಸ್ಟ್ ಫೈಲಿನಲ್ಲಿ.

ಖುಷಿಯಿಂದ ಒಂದನ್ನು ಮೊಬೈಲಿಗೆ ಹಾಕಿ ತೆರೆದೆ. ಕನ್ನಡವೇ ಇಲ್ಲ! ಪೌಂಡ್ ಗುರುತು, ತಲೆ ಮೇಲೆ ಗೀಟು ಎಳೆದ ಎ, ಅಲ್ಲೊಂದು ಕ್ಯೂ. ಮುತ್ಯಾನ ಒಂದು ಕಣ್ಣು ಪೊರೆ ಬಂದು ಮಂಜಾಗಿದೆ, ಓದಲಾಗುವುದಿಲ್ಲ. ಅದಕ್ಕೇ ಮೊಬೈಲಿನಿಂದ ಓದಿಸಿ ಕೇಳಿಸೋಣ ಅಂದುಕೊಂಡಿದ್ದೆ. ಅದು ಎಬಿಸಿಡಿಯ ಚೂರುಗಳನ್ನು ಉಗುಳತೊಡಗಿತು. "ಇದು ಯಾವ ಭಾಷಾ?" ಅಂದರು ಮುತ್ಯಾ.

ಇದು ಹೇಗಾಗುತ್ತದೆ ಅಂದರೆ, ಆಗಿನ ನುಡಿ, ಬರಹ ತಂತ್ರಾಂಶಗಳು ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಶೇಷಾದ್ರಿವಾಸು ಅವರ ಬರಹ ಬಂದದ್ದು 1998ರಲ್ಲಿ, ಕನ್ನಡ ಗಣಕ ಪರಿಷತ್ತಿನ ನುಡಿ ಅದರ ಬೆನ್ನಿಗೆ. ಆ ಕಾಲದ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಅದೇ ದಾರಿ, ತಪ್ಪು ಅನ್ನಲಾಗದು. 'ಕ' ಅಂದರೆ ಒಳಗೆ ಎರಡು ಗುರುತು: ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಕಟ್ಟಿನ ಬದಲಿಗೆ ಗೀಟಿನ ಎ. ಫಾಂಟ್ ಇದ್ದರೆ ಅದು ಕ, ಇಲ್ಲದಿದ್ದರೆ ಪಿ ಮತ್ತು ಎ. ದೊಡ್ಡಾಟದವರು ವೇಷ ಕಳಚಿದ ಹಾಗೆ. ನಮ್ಮೂರ ಹೆಸರನ್ನೇ ನೋಡಿ. 'ನ'ಕ್ಕೆ ಪೌಂಡ್ ಗುರುತು, 'ಲ'ಕ್ಕೆ ಕಂಪನಿಯವರು ಹೆಸರಿನ ಪಕ್ಕ ಹಾಕುವ ವೃತ್ತದೊಳಗಿನ ಆರ್. ಇಂಗ್ಲೆಂಡಿನ ರೊಕ್ಕದಿಂದ ಶುರುವಾಗುವ ನಾಲತವಾಡ!

ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳಿವೆ. 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಅದರಲ್ಲಿದೆ. ಈಗ ನೀವು ಮೊಬೈಲಿನಲ್ಲಿ ಇದನ್ನು ಓದುತ್ತಿರುವುದು ಅದರಿಂದಲೇ. ಈಗಿನ ನುಡಿಯೂ ಯೂನಿಕೋಡ್ ಬರೆಯುತ್ತದೆ. ಸಿಕ್ಕಿಬಿದ್ದದ್ದು ನಡುವಿನ ಆ ಹತ್ತು-ಹದಿನೈದು ವರ್ಷದ ಬರವಣಿಗೆ.

ಒಂದೊಂದೇ ಗುರುತನ್ನು ಹುಡುಕಿ ಬದಲಿಸಿದರಾಯಿತು ಅಂತ ನಾನೇ ಕೂತೆ. ಮೊದಲ ಸಂಜೆಯೇ 'ಮನೆ' ಹೋಗಿ 'ವುನೆ' ಆಯಿತು, 'ಮಳೆ' ಹೋಗಿ 'ವುಳೆ'. ಹಳೆ ಫೈಲಿನಲ್ಲಿ 'ಮ'ಕ್ಕೆ ಬೇರೆ ಗುರುತಿಲ್ಲ, ವ ಬರೆದು ಬಾಲ ಹಚ್ಚಿದರೆ ಅದೇ ಮ. ನಾನು ಮೊದಲು ವ ಬದಲಿಸಿಬಿಟ್ಟಿದ್ದೆ. ಉದ್ದದ್ದನ್ನು ಮೊದಲು ಬದಲಿಸಬೇಕು, ಗಿಡ್ಡದ್ದನ್ನು ಆಮೇಲೆ. ಅರ್ಕಾವತ್ತು ಇನ್ನೊಂದು ತಲೆನೋವು. ಕಣ್ಣಿಗೆ ಅದು ಅಕ್ಷರದ ನಂತರ ಕಾಣುತ್ತದೆ, ಹಳೆ ಫೈಲಿನಲ್ಲೂ ಹಾಗೇ ಇದೆ. ಯೂನಿಕೋಡಿಗೆ ಬಾಯಲ್ಲಿ ಬರುವ ಕ್ರಮ ಬೇಕು, ರ್ ಮುಂದೆ ಬರಬೇಕು. ವಾರ ಒದ್ದಾಡಿದ ಮೇಲೆ, ಅರವಿಂದ ವಿ.ಕೆ. ಎಂಬುವರು ಇದಕ್ಕೆಂದೇ ಪರಿವರ್ತಕ ಮಾಡಿ ಎಲ್ಲರಿಗೂ ಪುಕ್ಕಟೆ ಬಿಟ್ಟಿರುವುದು ಸಿಕ್ಕಿತು. ಒಂದು ಬದಿ ಹಳೆಯದನ್ನು ಅಂಟಿಸಿದರೆ ಇನ್ನೊಂದು ಬದಿ ಕನ್ನಡ. ವಾರ ಹಾಳಾಯಿತು ಅಂತ ನನಗೇನೂ ಅನಿಸಲಿಲ್ಲ, ಆ ವಾರದಲ್ಲಿ ಕಲಿತದ್ದು ಮುಂದೆ ಕೈಹಿಡಿಯಿತು.

ಆ ಹೊತ್ತಿಗೆ ನಾನೊಂದು ಘಾತ ಮಾಡಿಕೊಂಡಿದ್ದೆ. ಪದಗಳನ್ನೆಲ್ಲ ಪೆನ್‌ಡ್ರೈವಿಗೆ ತೆಗೆದುಕೊಂಡು, ಇನ್ನು ಭಯವಿಲ್ಲ ಅಂತ ಡಿಸ್ಕ್ ಅಳಿಸಿ ಲಿನಕ್ಸ್ ಹಾಕಿದೆ, ಇನ್ನೊಂದು ಜಿಬಿ ರ್‍ಯಾಮ್ ಕೂಡ. ಪೇಜ್‌ಮೇಕರ್ ಫೈಲುಗಳನ್ನು ಲಿಬ್ರೆ ಆಫೀಸ್ ತೆರೆದೇಬಿಟ್ಟಿತು, ಅದೇ ಜೋಶಿನಲ್ಲಿ ಆ ಟೆಕ್ಸ್ಟ್ ಫೈಲನ್ನೂ ತೆರೆದೆ. ಅಲ್ಲಲ್ಲಿ ಕರಿ ವಜ್ರದಾಕಾರದೊಳಗೆ ಪ್ರಶ್ನೆ ಗುರುತು ಕಂಡವು. ನೋಡಿಯೂ ನೋಡದೆ, ಒಂದು ಹೆಸರು ತಿದ್ದಿ, ಸೇವ್ ಒತ್ತಿದೆ. ಎಡಿಟರ್ ಅದನ್ನು ಯೂನಿಕೋಡ್ ಅಂದುಕೊಂಡು ತೆರೆದಿತ್ತು. ತನಗೆ ತಿಳಿಯದ ಪ್ರತಿಯೊಂದು ಗುರುತಿನ ಜಾಗದಲ್ಲಿ ಪ್ರಶ್ನೆ ಗುರುತು ಬರೆದು, ಮೂಲದ ಮೇಲೇ ಉಳಿಸಿತು. ಇನ್ನೊಂದು ಪ್ರತಿ ಮಾಡಿಟ್ಟಿರಲಿಲ್ಲ. ಅಳಿಸಿದ ಫೈಲ್ ಹುಡುಕುವ ಸಾಫ್ಟ್‌ವೇರ್ ಹಾಕಿ ಎರಡು ರಾತ್ರಿ ನೋಡಿದೆ, ಸಿಗಲಿಲ್ಲ.

ಮೂರು ಪದ. ಅದರಲ್ಲಿ ಎರಡು ಎಲ್ಲರೂ ಹಾಡುವಂಥವು, ಮುತ್ಯಾ ಕೂತಲ್ಲೇ ಹೇಳಿ ಬರೆಸಿದರು. ಮೂರನೆಯದು ಅವರೇ ಕಟ್ಟಿದ್ದು, 1972ರ ಬರದಲ್ಲಿ. ಆಗ ಅವರಿಗೆ ಇಪ್ಪತ್ತರ ಪ್ರಾಯ, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯಲು ಹೋಗುತ್ತಿದ್ದರಂತೆ. ಆ ಪದದ ಪಲ್ಲವಿ ಮತ್ತು ಎರಡನೆಯ ನುಡಿ ಬಿಟ್ಟರೆ ಮಿಕ್ಕಿದ್ದು ಅವರಿಗೆ ಬರಲಿಲ್ಲ. (ಪದದ ಚರಣಕ್ಕೆ ನಮ್ಮ ಕಡೆ ನುಡಿ ಅಂತಲೇ ಅನ್ನುತ್ತಾರೆ. ಸಾಫ್ಟ್‌ವೇರಿಗೂ ಇದೇ ಹೆಸರು ಸಿಕ್ಕಿದ್ದು ನೋಡಿ.)

ಹಾಳಾದ ಫೈಲನ್ನೇ ಮತ್ತೆ ತೆರೆದು ಕೂತೆ. ಸಾದಾ ಇಂಗ್ಲಿಷ್ ಅಕ್ಷರದಲ್ಲಿ ಕೂತಿದ್ದ ಕ, ಗ, ಚ, ಡ, ಣ, ತ, ದ, ರ ಇವೆಲ್ಲ ಉಳಿದಿದ್ದವು. ಯುರೋಪಿನ ಗುರುತುಗಳಲ್ಲಿ ಕೂತಿದ್ದ ನ, ಪ, ಬ, ಮ, ಲ, ವ, ಸ, ಹ, ಳ ಹೋಗಿದ್ದವು. ನಾಲತವಾಡದ ಒಂಬತ್ತು ಗುರುತುಗಳಲ್ಲಿ ಉಳಿಯುವುದು ಎರಡೇ, ತ ಮತ್ತು ಡ. 'ಬರ' ಎಂಬಲ್ಲಿ ಬ ಹೋಗಿ ಬರೀ ರ ಇತ್ತು.

ನಾನು ಹೇಳುತ್ತಾ ಹೋದೆ: "ಮುತ್ಯಾ, ಇಲ್ಲಿ ಒಂದು ಕ ಐತಿ. ನಡುವೆ ಎರಡು ಹೋಗ್ಯಾವು. ಆಮ್ಯಾಲೆ ತ, ಆಮ್ಯಾಲೆ ರ." ಅವರು ಕಣ್ಣು ಮುಚ್ಚಿ, ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಾ ಗುನುಗುತ್ತಿದ್ದರು. ಹತ್ತು ಸಲಕ್ಕೆ ಒಂದು ಸಲ ಸಾಲು ಪೂರ್ತಿ ಬರುತ್ತಿತ್ತು. ಬಂದಾಗ ಜೋರಾಗಿ ಹಾಡೇಬಿಡುತ್ತಿದ್ದರು, ಅವ್ವ ಅಡುಗೆ ಮನೆಯಿಂದ ಇಣುಕುತ್ತಿದ್ದಳು. ಹೀಗೆ ನಾಲ್ಕು ಸಂಜೆಯಲ್ಲಿ ಒಂದನೆಯ ನುಡಿ ಪೂರ್ತಿ ಸಿಕ್ಕಿತು, ಮೂರನೆಯದು ಅರ್ಧ. ಕೊನೆಯ ನುಡಿ ಬರಲೇ ಇಲ್ಲ.

ಪಿಡಿಎಫ್ ಮಾಡಿದ್ದರೆ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿದಾಗ ಸಾಲು ಪರದೆಯಿಂದ ಆಚೆ ಓಡುತ್ತದೆ. ಇಪಬ್ ಹಾಗಲ್ಲ, ಎಷ್ಟು ದೊಡ್ಡದು ಮಾಡಿದರೂ ಸಾಲು ಮುರಿದು ಕೆಳಗೆ ಬರುತ್ತದೆ. ಕ್ಯಾಲಿಬರ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಇಪಬ್ ಕಟ್ಟಿದೆ. ಮೊಬೈಲಿಗೆ ಹಾಕಿ, ಓದು ಅಂದೆ. ಹೆಣ್ಣುಮಗಳ ಧ್ವನಿಯಲ್ಲಿ ಶುರುವಾಯಿತು.

"ಈಕಿ ಎಲ್ಲಿಯಾಕಿ?"

"ಬೆಂಗಳೂರಾಕಿ ಇರಬೇಕು ಮುತ್ಯಾ."

"ಈಕಿಗಿ ತಾಳ ಗೊತ್ತಿಲ್ಲ." ಸ್ವಲ್ಪ ಕೇಳಿ, "ತಡಿ ತಡಿ, ಅಲ್ಲಿ ಬೇಡ ಅಲ್ಲೊ, ಬ್ಯಾಡ!" ಅಂದರು. ಟೈಪ್ ಮಾಡಿದವರು ಮುತ್ಯಾನ ಮಾತನ್ನು ಪುಸ್ತಕದ ಮಾತಿಗೆ ತಿದ್ದಿಬಿಟ್ಟಿದ್ದರು, ಎಲ್ಲ ಪದಗಳಲ್ಲೂ. ಅಷ್ಟು ವರ್ಷ ಅದು ಅವರಿಗೆ ಗೊತ್ತೇ ಇರಲಿಲ್ಲ. ಮತ್ತೆ ಮೊದಲಿನಿಂದ ತಿದ್ದಲು ಕೂತೆವು.

ನಮ್ಮ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ತಾಳೆಗರಿಯ ವಚನಗಳನ್ನು ಊರೂರು ತಿರುಗಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರ ಸಾರ ತಂದರು, ಛಾಪಖಾನೆಗಾಗಿ ಮನೆ ಮಾರಿದರು. ಶಾಲೆಯಲ್ಲಿ ಓದುವಾಗ ಅದು ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಅಷ್ಟೇ ಆಗಿತ್ತು. ಹಾಳಾದ ಒಂದು ಓಲೆಯ ಮುಂದೆ ಅವರು ಎಷ್ಟು ಸಂಜೆ ಕೂತಿರಬಹುದು ಅಂತ ಆ ನಾಲ್ಕು ಸಂಜೆಗಳ ನಂತರ ಯೋಚಿಸಿದೆ.

ಈಗ ಪದಗಳ ಮೂರು ಪ್ರತಿ ಇವೆ: ಕಂಪ್ಯೂಟರಿನಲ್ಲಿ, ಪೆನ್‌ಡ್ರೈವಿನಲ್ಲಿ, ಅತ್ತೆಯ ಮಗನ ಫೋನಿನಲ್ಲಿ. ಡಿ ಡ್ರೈವಿನ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್‌ಗಳನ್ನು ಮಾತ್ರ ಡಿಸ್ಕ್ ಅಳಿಸುವಾಗ ಉಳಿಸಿಕೊಳ್ಳಲಿಲ್ಲ. ಆಗ ಅವು ಕಸ ಅನಿಸಿದ್ದವು. ಕಾಕಾ ಕೇಳಿದರೆ ಏನು ಹೇಳಲಿ ಗೊತ್ತಿಲ್ಲ.

43ನೆಯ ಪದದ ಕೊನೆಯಲ್ಲಿ ಖಾಲಿ ಸಾಲುಗಳಿವೆ. ನಾನು ಅಲ್ಲಿಗೇ ಮುಗಿಸಿಬಿಡೋಣ ಅಂದಿದ್ದೆ. ಮುತ್ಯಾ ಒಪ್ಪಲಿಲ್ಲ. "ಜಾಗಾ ಬಿಡು" ಅಂದರು. ನಾರಾಯಣಪುರದ ಕಡೆ ಅವರ ಮೇಳದ ಹಳೆಯ ಗೆಳೆಯರೊಬ್ಬರಿದ್ದಾರೆ, ಕಲ್ಲು ಒಡೆಯುವಾಗ ಜೊತೆಗಿದ್ದವರು, ಆ ಪದಕ್ಕೆ ದನಿಗೂಡಿಸಿದವರು. ಬರುವ ಅಮಾವಾಸ್ಯೆಗೆ ಅಲ್ಲಿಗೆ ಹೋಗುವುದಿದೆ. ಫೋನ್ ಚಾರ್ಜ್ ಮಾಡಿಕೊಳ್ಳೆಂದು ಮುತ್ಯಾ ಈಗಿನಿಂದಲೇ ಹೇಳತೊಡಗಿದ್ದಾರೆ.