ಒಂಬತ್ತು ಕೆಜಿ ಸುಳ್ಳು

‘ನಿನ್ನ ತೂಕ ಎಷ್ಟು?’ ಅಂತ ಕೇಳಿದಾಗ 72 ಅಂದೆ. ನಿಜಕ್ಕೂ 81. ಮದುವೆಗೆ ಮುಂಚೆ ಬಯೋಡೇಟಾದಲ್ಲಿ ಬರೆದಿದ್ದ ಅಂಕಿ ಅದು, ಆಮೇಲೆ ಬದಲಾಯಿಸೋಕೆ ಮನಸ್ಸೇ ಬಂದಿಲ್ಲ.

ಕೇಳಿದವನು ಡೆನ್ವರ್‌ನ ನಮ್ಮ ಆಫೀಸಿನವನು. ಅವನ ಹತ್ರ ಹಳೇ ಸೆಸ್ನಾ 172 ಇದೆ, ನಾಲ್ಕು ಸೀಟಿನದು. ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಅವನು, ನಾನು, ಇನ್ನೊಬ್ಬ ಗೆಳೆಯ ರಾಕಿ ಪರ್ವತಗಳ ನಡುವಿನ ಲೆಡ್‌ವಿಲ್‌ಗೆ ಹಾರಿದೆವು. ಅಲ್ಲಿನ ವಿಮಾನ ನಿಲ್ದಾಣ ಇರೋದು 9,934 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 6,300 ಚಿಲ್ಲರೆ ಅಡಿ! ಇಳಿದದ್ದು ಸಲೀಸಾಯ್ತು. ಅಲ್ಲಿ ಇಳಿದ ಪೈಲಟ್‌ಗಳಿಗೆ ಸರ್ಟಿಫಿಕೇಟ್ ಬೇರೆ ಕೊಡ್ತಾರೆ.

ಕಷ್ಟ ಇದ್ದದ್ದು ವಾಪಸ್ ಹೊರಡೋದರಲ್ಲಿ. ಊಟ ಮುಗಿಸಿ ಬಂದಾಗ ಬಿಸಿಲು ಏರಿ 20 ಡಿಗ್ರಿ ಆಗಿತ್ತು. ಬೆಂಗಳೂರಿನವರಿಗೆ ಅದು ಸ್ವೆಟರ್ ಹವೆ. ಆದರೆ ಗಾಳಿ ಕಾದಷ್ಟೂ ತೆಳುವಾಗುತ್ತೆ. ಆ ಹೊತ್ತಿಗೆ ವಿಮಾನದ ಪಾಲಿಗೆ ಆ ರನ್‌ವೇ ಸುಮಾರು 12,900 ಅಡಿ ಎತ್ತರದಲ್ಲಿದ್ದ ಹಾಗೆ. ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್‌ಗೆ ಉಸಿರು ಕಡಿಮೆ. ಇಂಥ ವಿಮಾನದ ಏರುವ ಶಕ್ತಿಯೇ 14,000 ಅಡಿ ಆಸುಪಾಸಿನಲ್ಲಿ ಮುಗಿಯುತ್ತೆ. ಅವನು ರೆಕ್ಕೆಯ ನೆರಳಲ್ಲಿ ನಿಂತು ನಮ್ಮ ತೂಕ, ಪೆಟ್ರೋಲ್ ತೂಕ ಎಲ್ಲಾ ಕೂಡಿಸಿ, ‘ಅಂಚಿನಲ್ಲಿದೆ, ಆದ್ರೂ ಆಗಬಹುದು’ ಅಂದ.

ನನಗೆ ಊರಿನ ಎತ್ತಿನಗಾಡಿ ನೆನಪಾಯ್ತು. ಕೆರೆ ಏರಿ ಹತ್ತೋ ಜಾಗ ಬಂದ್ರೆ ಅಪ್ಪ ಬಾಯಿಬಿಟ್ಟು ಏನೂ ಹೇಳ್ತಿರಲಿಲ್ಲ, ಹಿಂದೆ ತಿರುಗಿ ನೋಡ್ತಿದ್ದರು ಅಷ್ಟೆ. ನಾವು ಮಕ್ಕಳೆಲ್ಲ ಧುಮುಕಿ ನಡೀತಿದ್ವಿ. ಇಲ್ಲಿ ಅರ್ಧ ದಾರೀಲಿ ಧುಮುಕೋಕೆ ಆಗುತ್ತಾ?

‘ನಾನು 81’ ಅಂದೆ. ಅವನು ಪೆನ್ನು ನಿಲ್ಲಿಸಿದ. ಹಿಂದಿನಿಂದ ಗೆಳೆಯ ಕೆಮ್ಮಿ, ‘ನಂದೂ ಒಂದಾರು ಕೆಜಿ ಸೇರಿಸ್ಕೋ’ ಅಂದ.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಹಗ್ಗ ತಗೊಂಡು ವಿಮಾನ ಕಟ್ಟಿಹಾಕಿದ. ಸಂಜೆ ಅವನ ಮಗಳ ಹುಟ್ಟುಹಬ್ಬ ಇತ್ತು ಅಂತ ಗೊತ್ತಾಗಿದ್ದು ಲಾಡ್ಜಿನಲ್ಲಿ, ಅವನು ಫೋನಿನಲ್ಲಿ ಅವಳನ್ನು ಸಮಾಧಾನ ಮಾಡ್ತಿದ್ದಾಗ.

ಮರುದಿನ ಬೆಳಿಗ್ಗೆ ಆರಕ್ಕೆ 4 ಡಿಗ್ರಿ. ‘81?’ ಅಂತ ಮತ್ತೆ ಕೇಳಿದ. ‘ತಿಂಡಿ ತಿಂದಿಲ್ಲ’ ಅಂದೆ. ರನ್‌ವೇ ಓಡಿದಷ್ಟೂ ಮುಗೀತಾನೇ ಇತ್ತು. ಚಕ್ರ ನೆಲ ಬಿಟ್ಟ ಮೇಲೂ ಪೈನ್ ಮರಗಳು ತುಂಬಾ ಹೊತ್ತು ಕೆಳಗಿಳಿಯಲೇ ಇಲ್ಲ. ಪ್ರಯೋಜನ ಇಲ್ಲ ಅಂತ ಗೊತ್ತಿದ್ದೂ ನಾನು ಸೀಟಿನಿಂದ ಒಂಚೂರು ಎದ್ದೇ ಕೂತಿದ್ದೆ.